ಬೆನ್ನೆಲುಬಿನ ಸಂಧಿವಾತ ಮತ್ತು ಬಿ ೨೭ ಎಂಬ ಆನುವಂಶಿಕ ಗುರುತು: ಒಂದು ಚಾರಿತ್ರಿಕ ವಿವೇಚನೆ

೧೯೭೩ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಎರಡು ವೈದ್ಯಪತ್ರಿಕೆಗಳು ಒಂದೇ ಸಂಗತಿಯನ್ನು ಪರಸ್ಪರ ಸ್ವತಂತ್ರವಾಗಿ ಪ್ರಕಟಿಸಿದವು. ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯ ೫ನೆಯ ತಾರೀಖಿನ ಸಂಚಿಕೆಯಲ್ಲಿ ಲಾಸ್ ಏಂಜಲಿಸ್ ನಗರದ ಷ್ಲಾಸ್‌ಟೈನ್, ಟೆರಸಾಕಿ, ಬ್ಲೂಸ್ಟೋನ್, ಪಿಯರ್‌ಸನ್ ಎಂಬ ನಾಲ್ವರು ವಿದ್ವಾಂಸರು, ಬೆನ್ನೆಲುಬನ್ನು ಬೆಸೆದುಬಿಡುವ ಒಂದು ಬಗೆಯ ಸಂಧಿವಾತದಿಂದ ನರಳುತ್ತಿದ್ದ ೪೦ ಮಂದಿ ರೋಗಿಗಳಲ್ಲಿ ೩೫ ಮಂದಿಯ ರಕ್ತದ ಬಿಳಿಯ ಕಣಗಳ ಮೇಲೆ ಒಂದು ವಿಶಿಷ್ಟವಾದ ಆನುವಂಶಿಕ ಗುರುತು ಇರುವುದಾಗಿಯೂ, ಹೋಲಿಕೆಗೆಂದು ಪರೀಕ್ಷಿಸಿದ ೯೦೬ ಮಂದಿಯಲ್ಲಿ ಅದು ಶೇಕಡ ೮ರಷ್ಟು ಜನರಿಗೆ ಮಾತ್ರ ಇದ್ದುದಾಗಿಯೂ ತಿಳಿಸಿದರು. ಅದೇ ತಿಂಗಳ ೨೮ನೆಯ ತಾರೀಖು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯ ಡೆರಿಕ್ ಬ್ರೂವರ್‌ಟನ್ ಮತ್ತು ಅವರ ಸಂಗಡಿಗರ ಲೇಖನ ಬಂದಿತು. ಅವರ ೭೫ ಮಂದಿ ರೋಗಿಗಳಲ್ಲಿ ೭೨ ಮಂದಿಗೆ ಈ ಗುರುತಿತ್ತು; ರೋಗವಿಲ್ಲದ ೭೫ ಮಂದಿಯಲ್ಲಿ ಮೂವರಿಗೆ ಮಾತ್ರ. ಲಾಸ್ ಏಂಜಲಿಸಿನವರು ಆ ಗುರುತನ್ನು 'ಡಬ್ಲ್ಯು ೨೭' ಎಂದೂ ಲಂಡನ್ನಿನವರು 'ಎಚ್.ಎಲ್.–ಎ ೨೭' ಎಂದೂ ಕರೆದರು. ವಸ್ತು ಒಂದೇ. ಇಂದು ಅದಕ್ಕೆ ಎಚ್.ಎಲ್.ಎ.–ಬಿ ೨೭ ಎಂದು ಹೆಸರು.

ಪ್ರಸ್ತುತ ಲೇಖಕನು ವೈದ್ಯನಲ್ಲ, ಚರಿತ್ರೆಯ ವಿದ್ಯಾರ್ಥಿ. ಆದಕಾರಣ ಇಲ್ಲಿ ಚಿಕಿತ್ಸೆಯ ವಿಚಾರವನ್ನು ಹೇಳುವ ಉದ್ದೇಶವಿಲ್ಲ. ಒಂದು ಸಾಕ್ಷ್ಯವು ಎಲ್ಲಿಂದ ದೊರೆಯಿತು, ಅದರಿಂದ ಯಾವುದು ಸಿದ್ಧವಾಗುತ್ತದೆ, ಯಾವುದು ಸಿದ್ಧವಾಗುವುದಿಲ್ಲ ಎಂದು ವಿಚಾರಿಸುವುದು ಚರಿತ್ರಕಾರನ ನಿತ್ಯದ ಕೆಲಸವಷ್ಟೆ. ಮೇಲ್ಕಂಡ ಗುರುತಿನ ವಿಷಯದಲ್ಲಿಯೂ ಅದೇ ವಿಚಾರಣೆ ಅವಶ್ಯವಾಗಿದೆಯೆಂದು ತೋರುತ್ತದೆ. ೧೯೭೩ರ ಸಂಖ್ಯೆಗಳು ಸತ್ಯವಾದವು. ಅವುಗಳಿಂದ ಹಲವರು ತೆಗೆದ ತೀರ್ಮಾನವು ಮಾತ್ರ ಬಹುಕಾಲ ತಪ್ಪುದಾರಿಯಲ್ಲಿ ನಡೆಯಿತು.

ಮೊದಲು ರೋಗದ ಪರಿಚಯ. ವೈದ್ಯರ ಪರಿಭಾಷೆಯಲ್ಲಿ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಕರೆಯಲಾಗುವ ಈ ವ್ಯಾಧಿಯು ಸಾಮಾನ್ಯವಾಗಿ ತಾರುಣ್ಯದಲ್ಲಿ, ನಲವತ್ತೈದರ ಒಳಗೆ, ತಲೆದೋರುತ್ತದೆ. ರಾತ್ರಿಯ ಉತ್ತರಾರ್ಧದಲ್ಲಿ ಸೊಂಟದ ನೋವಿನಿಂದ ಎಚ್ಚರವಾಗುವುದು, ಬೆಳಗ್ಗೆ ಎದ್ದಾಗ ಬೆನ್ನು ಮರದ ಹಲಗೆಯಂತೆ ಸೆಟೆದಿರುವುದು, ಮಲಗಿದರೆ ಹೆಚ್ಚಿ ಓಡಾಡಿದರೆ ನೋವು ತಗ್ಗುವುದು ಇದರ ಲಕ್ಷಣ. ಭಾರವೆತ್ತಿ ಬರುವ ಸಾಧಾರಣ ಬೆನ್ನುನೋವು ವಿಶ್ರಾಂತಿಯಿಂದ ಶಮನವಾಗುವುದರಿಂದ ಈ ವ್ಯತ್ಯಾಸವನ್ನು ಲಕ್ಷ್ಯದಲ್ಲಿಡತಕ್ಕದ್ದು. ಉರಿಯೂತವು ಬೆನ್ನೆಲುಬಿನ ಬುಡದ ತ್ರಿಕಾಸ್ಥಿಯೂ ಸೊಂಟದ ಎಲುಬೂ ಕೂಡುವ ಕೀಲಿನಲ್ಲಿ ಸಾಮಾನ್ಯವಾಗಿ ಮೊದಲಾಗುತ್ತದೆ. ತೀವ್ರವಾದ ಪ್ರಸಂಗಗಳಲ್ಲಿ ವರ್ಷಗಳು ಕಳೆದಂತೆ ಕೀಲುಗಳ ಸುತ್ತ ಹೊಸ ಎಲುಬು ಬೆಳೆದು, ಬೆನ್ನುಮಣಿಗಳು ಒಂದಕ್ಕೊಂದು ಬೆಸೆದು, ಇಡೀ ಬೆನ್ನು ಬಿದಿರಿನ ಗಳುವಿನಂತೆ ಆಗುವುದುಂಟು.

ಇಂತಹ ಬೆನ್ನೆಲುಬನ್ನು ಮೊತ್ತಮೊದಲು ಕಣ್ಣಿಟ್ಟು ನೋಡಿ ಬರೆದವನು ಬರ್ನಾರ್ಡ್ ಕಾನರ್ ಎಂಬ ಐರ್ಲೆಂಡಿನ ವೈದ್ಯ. ಪೋಲೆಂಡಿನ ದೊರೆ ಸೋಬಿಯೆಸ್ಕಿಯ ಆಸ್ಥಾನದಲ್ಲಿ ಕೆಲವು ಕಾಲ ರಾಜವೈದ್ಯನಾಗಿದ್ದು, ೧೬೯೮ರಲ್ಲಿ ಇನ್ನೂ ಮೂವತ್ತೆರಡರ ಆಸುಪಾಸಿನಲ್ಲಿದ್ದಾಗಲೇ ತೀರಿಕೊಂಡವನು ಈತ. ಫ್ರಾನ್ಸಿನಲ್ಲಿ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಅವನಿಗೆ ಒಂದು ಅಸ್ಥಿಪಂಜರ ದೊರೆಯಿತು. ಸೊಂಟದ ಎಲುಬು, ತ್ರಿಕಾಸ್ಥಿ, ಅದರ ಮೇಲಿನ ಹದಿನೈದು ಬೆನ್ನುಮಣಿಗಳು, ಅವುಗಳಿಗೆ ಸೇರಿದ ಪಕ್ಕೆಲುಬುಗಳು ಎಲ್ಲವೂ ಒಂದೇ ಎಲುಬಾಗಿ ಕೂಡಿಹೋಗಿದ್ದವು. ೧೬೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ವರದಿ ಅಚ್ಚಾಯಿತು. ಆ ಮನುಷ್ಯನು ಬದುಕಿದ್ದಾಗ ಬಾಗಲಾರದೆ, ಹೊರಳಲಾರದೆ, ಎದೆ ತುಂಬ ಉಸಿರೆಳೆಯಲಾರದೆ ಇದ್ದಿರಬೇಕೆಂದು ಕಾನರನು ಎಲುಬನ್ನು ನೋಡಿಯೇ ಊಹಿಸಿದನು. ಶಾಸನವೊಂದರ ಅಕ್ಷರಗಳಿಂದ ಕಾಲವನ್ನು ಊಹಿಸುವವನ ಜಾಣ್ಮೆ ಇದರಲ್ಲಿ ಕಾಣುತ್ತದೆ.

ಆಮೇಲೆ ಇನ್ನೂರು ವರ್ಷಗಳ ಕಾಲ ಬಿಡಿಬಿಡಿ ವರದಿಗಳನ್ನುಳಿದು ಹೇಳತಕ್ಕದ್ದು ಹೆಚ್ಚಿಲ್ಲ. ರಷ್ಯದ ಬೆಖ್ತೆರೆವ್ ೧೮೯೩ರಲ್ಲಿಯೂ, ಜರ್ಮನಿಯ ಸ್ಟ್ರೂಂಪೆಲ್ ೧೮೯೭ರಲ್ಲಿಯೂ, ಪ್ಯಾರಿಸಿನ ಪಿಯೆರ್ ಮಾರೀ ೧೮೯೮ರಲ್ಲಿಯೂ ಇದನ್ನು ಪ್ರತ್ಯೇಕ ವ್ಯಾಧಿಯೆಂದು ವರ್ಣಿಸಿದರು. ಅದೇ ದಶಕದಲ್ಲಿ, ೧೮೯೫ರಲ್ಲಿ, ರಾಂಟ್‌ಗೆನ್ ಕ್ಷ-ಕಿರಣವನ್ನು ಕಂಡುಹಿಡಿದನು. ಆದರೂ ಸೊಂಟದ ಆ ಕೀಲಿನ ಕ್ಷ-ಕಿರಣ ಚಿತ್ರವೇ ರೋಗದ ಮುಖ್ಯ ಸಾಕ್ಷ್ಯವೆಂಬುದು ನಿಶ್ಚಯವಾಗಲು ೧೯೩೦ರ ದಶಕದವರೆಗೆ ಕಾಯಬೇಕಾಯಿತು. ಆ ಸಾಕ್ಷ್ಯಕ್ಕೂ ಒಂದು ದೊಡ್ಡ ಕೊರತೆಯುಂಟು. ಚಿತ್ರದಲ್ಲಿ ಕಾಣುವುದು ಉರಿಯೂತವಲ್ಲ, ಅದು ಬಿಟ್ಟುಹೋದ ಗಾಯದ ಕಲೆ. ನೋವು ಮೊದಲಾಗಿ ಎಷ್ಟೋ ವರ್ಷಗಳಾದ ಮೇಲೆ ಆ ಕಲೆ ಕಾಣಿಸಿಕೊಳ್ಳುತ್ತದೆ. ಅದುವರೆಗೆ ರೋಗಿಯ ಮಾತೊಂದೇ ಪ್ರಮಾಣ. ಅದನ್ನು ನಂಬುವ ವೈದ್ಯನು ದೊರೆಯುವುದು ಅದೃಷ್ಟ.

ಸಾಕ್ಷ್ಯದ ಈ ಅಭಾವದಿಂದ ಆದ ಹಾನಿ ಅಲ್ಪವಲ್ಲ. ಅಮೆರಿಕದ ವೈದ್ಯರು ೧೯೬೩ರವರೆಗೂ ಇದನ್ನು ಕೈಕಾಲುಗಳ ಸಂಧಿವಾತದ ಒಂದು ಶಾಖೆಯೆಂದೇ ಎಣಿಸುತ್ತಿದ್ದರು. ಹೆಸರು ಸಹ ಹಾಗೆಯೇ ಇತ್ತು. ಬ್ರಿಟನ್ನಿನಲ್ಲಿ ೧೯೩೫ರಿಂದ ೧೯೫೪ರವರೆಗಿನ ಅವಧಿಯಲ್ಲಿ ಹದಿನಾಲ್ಕು ಸಾವಿರದಷ್ಟು ರೋಗಿಗಳ ಬೆನ್ನಿಗೆ ಕ್ಷ-ಕಿರಣದ ಚಿಕಿತ್ಸೆ ಕೊಡಲಾಯಿತು. ನೋವೇನೋ ತಗ್ಗುತ್ತಿತ್ತು. ಆದರೆ ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್ ಎಂಬಿಬ್ಬರು ಆ ರೋಗಿಗಳ ದಾಖಲೆಗಳನ್ನು ಒಂದೊಂದಾಗಿ ತೆಗೆದು ನೋಡಿ, ಅವರಲ್ಲಿ ಲ್ಯೂಕೀಮಿಯ ಎಂಬ ರಕ್ತದ ಅರ್ಬುದವು ನಿರೀಕ್ಷೆಗಿಂತ ಹಲವು ಪಟ್ಟು ಹೆಚ್ಚಾಗಿರುವುದನ್ನು ೧೯೫೭ರಲ್ಲಿ ತೋರಿಸಿಕೊಟ್ಟರು. ವಿಕಿರಣದ ಅಪಾಯವನ್ನು ಕುರಿತು ಜಗತ್ತಿಗೆ ಇಂದು ತಿಳಿದಿರುವುದರಲ್ಲಿ ಒಂದು ಪಾಲು ಈ ಬೆನ್ನುನೋವಿನ ರೋಗಿಗಳಿಂದ ಬಂದದ್ದು.

ಸ್ತ್ರೀಯರಿಗಾದ ಅನ್ಯಾಯವು ಇನ್ನೊಂದು ಬಗೆಯದು. ಹಳೆಯ ವೈದ್ಯಗ್ರಂಥಗಳು ಇದನ್ನು ಗಂಡಸರ ರೋಗವೆಂದು ಸಾರಿ, ಒಂಬತ್ತು ಹತ್ತು ಮಂದಿ ಪುರುಷರಿಗೆ ಒಬ್ಬ ಹೆಂಗಸು ಎಂಬ ಲೆಕ್ಕವನ್ನು ಕೊಡುತ್ತಿದ್ದವು. ಪುಸ್ತಕದಲ್ಲಿ ಹೀಗಿದ್ದುದರಿಂದ ಹೆಂಗಸು ಬೆನ್ನುನೋವೆಂದು ಬಂದಾಗ ವೈದ್ಯರು ಈ ರೋಗವನ್ನು ನೆನೆಯುತ್ತಿರಲಿಲ್ಲ. ನೆನೆಯದಿದ್ದುದರಿಂದ ಪುಸ್ತಕದ ಲೆಕ್ಕ ಸ್ಥಿರವಾಗಿ ಉಳಿಯಿತು. ಹೆರಿಗೆಯ ಆಯಾಸ, ಮನೆಗೆಲಸದ ಆಯಾಸ, ಮನಸ್ಸಿನ ದೌರ್ಬಲ್ಯ ಎಂಬ ಮಾತುಗಳಿಗೆ ಎಲ್ಲ ದೇಶಗಳಲ್ಲಿಯೂ ಬರವಿಲ್ಲ. ಈಗ ಆ ಪ್ರಮಾಣವು ಇಬ್ಬರು ಮೂವರು ಗಂಡಸರಿಗೆ ಒಬ್ಬ ಹೆಂಗಸು ಎಂಬುವಷ್ಟಕ್ಕೆ ಇಳಿದಿದೆ. ರೋಗವು ಬದಲಾಗಲಿಲ್ಲ, ನೋಡುವ ದೃಷ್ಟಿ ಬದಲಾಯಿತು. ಆ ಬದಲಾವಣೆಗೆ ಬಿ ೨೭ ಗುರುತೂ ಒಂದು ಕಾರಣವೆಂಬುದು ಉಲ್ಲೇಖಾರ್ಹ. ಆ ಗುರುತು ಹೆಣ್ಣು ಗಂಡೆಂಬ ಭೇದವಿಲ್ಲದೆ ತಾಯಿತಂದೆಗಳಿಂದ ಮಕ್ಕಳಿಗೆ ಬರುವಂಥದು.

ಸ್ವಾರಸ್ಯವೆಂದರೆ, ಈ ಗುರುತನ್ನು ಕಂಡುಹಿಡಿದವರು ಬೆನ್ನುನೋವನ್ನು ಕುರಿತು ಯೋಚಿಸುತ್ತಿರಲಿಲ್ಲ. ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಟ್ಟಾಗ, ರಕ್ತದ ಗುಂಪು ಸರಿಹೊಂದಿದ್ದರೂ ಒಮ್ಮೊಮ್ಮೆ ಜ್ವರ ಬರುವುದೇಕೆಂಬ ಪ್ರಶ್ನೆಯಿಂದ ಈ ಅಧ್ಯಾಯ ಪ್ರಾರಂಭವಾಗುತ್ತದೆ. ಕೆಂಪುಕಣಗಳಿಗೆ ಗುಂಪುಗಳಿರುವಂತೆ ಬಿಳಿಯ ಕಣಗಳಿಗೂ ಗುಂಪುಗಳುಂಟೆಂಬುದು ೧೯೫೮ರಲ್ಲಿ ಮೂರು ಕಡೆಗಳಲ್ಲಿ ಬೆಳಕಿಗೆ ಬಂದಿತು. ಪ್ಯಾರಿಸಿನಲ್ಲಿ ಜಾನ್ ಡೌಸೆ, ಹಾಲೆಂಡಿನ ಲೈಡನ್ ನಗರದಲ್ಲಿ ಯಾನ್ ಫಾನ್ ರೂಡ್, ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನಲ್ಲಿ ರೋಸ್ ಪೇನ್. ಇವರಲ್ಲಿ ಕೊನೆಯ ಇಬ್ಬರು ಕಂಡ ಸಂಗತಿ ಮನೋಹರವಾದದ್ದು. ಗರ್ಭದಲ್ಲಿರುವ ಶಿಶುವು ತಂದೆಯಿಂದ ಪಡೆದ ಗುರುತುಗಳು ತಾಯಿಯ ದೇಹಕ್ಕೆ ಅಪರಿಚಿತವಾದವು. ಹಲವು ಬಾರಿ ಹೆತ್ತ ತಾಯಂದಿರ ರಕ್ತದಲ್ಲಿ ಆ ಗುರುತುಗಳನ್ನು ಹಿಡಿಯುವ ಪ್ರತಿಕಾಯಗಳು ತಾವಾಗಿಯೇ ಹುಟ್ಟಿಕೊಂಡಿರುತ್ತವೆ. ಅಂತಹ ತಾಯಂದಿರ ರಕ್ತದ ಸೀರಮ್ಮನ್ನು ತೆಗೆದು ಇನ್ನೊಬ್ಬರ ಬಿಳಿಯ ಕಣಗಳೊಡನೆ ಬೆರೆಸಿದರೆ, ಆ ಕಣಗಳ ಮೇಲೆ ಯಾವ ಗುರುತಿದೆಯೆಂಬುದು ತಿಳಿಯುತ್ತದೆ. ಹೆಂಗಸರಿಗೆ ಬಾರದೆಂದು ತಿಳಿದಿದ್ದ ರೋಗದ ಗುರುತನ್ನು ತೋರಿಸಿಕೊಟ್ಟ ಪರೀಕ್ಷೆಯು ನಿಂತದ್ದು ಇಂತಹ ಹೆಂಗಸರ ರಕ್ತದ ಮೇಲೆಯೇ. ಅವರ ಹೆಸರುಗಳನ್ನು ಯಾವ ಗ್ರಂಥವೂ ಬರೆದಿಟ್ಟಿಲ್ಲ.

ಆ ದಶಕದಲ್ಲಿ ಮೂತ್ರಪಿಂಡದ ಕಸಿ ಪ್ರಾರಂಭವಾಗಿದ್ದಿತು. ಕೊಡುವವರ ಮತ್ತು ಪಡೆಯುವವರ ಬಿಳಿಯ ಕಣಗಳ ಗುರುತುಗಳು ಹೊಂದಿದರೆ ಕಸಿ ಉಳಿಯುವ ಸಂಭವ ಹೆಚ್ಚು. ಆದುದರಿಂದ ಗುರುತುಗಳನ್ನು ಪಟ್ಟಿಮಾಡುವ ಕೆಲಸಕ್ಕೆ ಬೇಡಿಕೆ ಬಂದಿತು. ೧೯೬೪ರಲ್ಲಿ ಪಾಲ್ ಟೆರಸಾಕಿ ಎಂಬುವರು ಒಂದು ಮಿಲಿಲೀಟರಿನ ಸಾವಿರದ ಒಂದು ಪಾಲಿನಷ್ಟು ಸೀರಮ್ಮಿನಲ್ಲಿಯೇ ಪರೀಕ್ಷೆ ನಡೆಸುವ ವಿಧಾನವನ್ನು ಪ್ರಚಾರಕ್ಕೆ ತಂದರು. (ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದವರೆಂಬ ಕಾರಣದಿಂದ ಅಮೆರಿಕದ ಸರ್ಕಾರವು ಇವರ ಕುಟುಂಬವನ್ನು ಅರಿಜೋನ ಸಂಸ್ಥಾನದ ಶಿಬಿರವೊಂದರಲ್ಲಿ ಕೂಡಿಹಾಕಿದ್ದಿತು.) ಅದೇ ವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿಯೂ, ತರುವಾಯ ಲೈಡನ್, ಟ್ಯುರಿನ್ ಮೊದಲಾದ ಕಡೆಗಳಲ್ಲಿಯೂ ಕಾರ್ಯಶಿಬಿರಗಳು ಸೇರಿ, ಬೇರೆ ಬೇರೆ ಪ್ರಯೋಗಶಾಲೆಗಳವರು ತಮ್ಮ ಸೀರಮ್ಮುಗಳನ್ನು ಹೋಲಿಸಿ ನೋಡಿದರು. 'ಡಬ್ಲ್ಯು ೨೭' ಎಂಬುದರಲ್ಲಿನ ಡಬ್ಲ್ಯು ಅಕ್ಷರವು ಕಾರ್ಯಶಿಬಿರವೆಂಬುದಕ್ಕೆ ಇಂಗ್ಲಿಷಿನಲ್ಲಿರುವ ವರ್ಕ್‌ಷಾಪ್ ಎಂಬ ಪದದ ಮೊದಲಕ್ಷರ. ಹೆಸರು ಇನ್ನೂ ತಾತ್ಕಾಲಿಕವೆಂಬುದಕ್ಕೆ ಅದು ಸೂಚನೆ. ಬಿ ೨೭ ಎಂಬ ಖಾಯಂ ಹೆಸರು ೧೯೭೫ರಲ್ಲಿ ಬಂದಿತು.

ಗುರುತುಗಳ ಪಟ್ಟಿ ಕೈಗೆ ಬಂದ ಮೇಲೆ, ಯಾವುದಾದರೂ ರೋಗಕ್ಕೂ ಇವುಗಳಿಗೂ ನಂಟುಂಟೇ ಎಂದು ಹುಡುಕುವುದು ಸಹಜ. ೧೯೬೭ರಲ್ಲಿ ಹಾಡ್‌ಕಿನ್ಸ್ ರೋಗದ ವಿಷಯದಲ್ಲಿ ಒಂದು ದುರ್ಬಲವಾದ ನಂಟು ಕಂಡಿತ್ತು. ಹೀಗಿರಲು ೧೯೭೩ರಲ್ಲಿ ಬಂದ ೭೫ಕ್ಕೆ ೭೨ ಎಂಬ ಸಂಖ್ಯೆಯು ವಿದ್ವಾಂಸರನ್ನು ಚಕಿತಗೊಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬ್ರೂವರ್‌ಟನ್ನರ ಲೇಖನದಲ್ಲಿ ಇನ್ನೊಂದು ಸಂಖ್ಯೆಯುಂಟು. ಅದರ ಕಡೆಗೆ ಆಗ ಅಷ್ಟು ಗಮನ ಹರಿದಂತೆ ಕಾಣುವುದಿಲ್ಲ. ರೋಗಿಗಳ ಹತ್ತಿರದ ರಕ್ತಸಂಬಂಧಿಗಳು ೬೦ ಮಂದಿಯನ್ನು ಅವರು ಪರೀಕ್ಷಿಸಿದ್ದರು. ಆ ಪೈಕಿ ೩೧ ಮಂದಿಗೆ ಗುರುತಿತ್ತು. ತಂದೆ ಅಥವಾ ತಾಯಿಯಿಂದ ಅರ್ಧದಷ್ಟು ಮಕ್ಕಳಿಗೆ ಬರತಕ್ಕ ಗುಣವಾದುದರಿಂದ ಇದು ನಿರೀಕ್ಷಿತವೇ. ಆದರೆ ಆ ೩೧ ಮಂದಿಯೆಲ್ಲ ರೋಗಿಗಳಲ್ಲ. ಗುರುತು ಬೇರೆ, ರೋಗ ಬೇರೆ ಎಂಬ ಸಂಗತಿ ಮೊದಲನೆಯ ಲೇಖನದಲ್ಲಿಯೇ ಅಡಗಿದ್ದಿತು.

ಇಲ್ಲಿ ನಮ್ಮ ನಾಡಿನ ಶಾಸನಗಳಿಂದ ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನಿಗೆ 'ತ್ರಿಭುವನಮಲ್ಲ' ಎಂಬ ಬಿರುದು ಪ್ರಸಿದ್ಧವಾದುದು. ಅವನ ಶಾಸನಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಹಾಗೆಂದು ತ್ರಿಭುವನಮಲ್ಲನೆಂಬ ಹೆಸರು ಕಂಡಲ್ಲೆಲ್ಲ ವಿಕ್ರಮಾದಿತ್ಯನನ್ನೇ ಕಾಣುವ ವಿದ್ಯಾರ್ಥಿಯು ಹೊಯ್ಸಳ ವಿಷ್ಣುವರ್ಧನನ ಶಾಸನದ ಮುಂದೆ ಎಡವುತ್ತಾನೆ. ನಾಲ್ಕನೆಯ ಸೋಮೇಶ್ವರನ ಶಾಸನದ ಮುಂದೆ ಮತ್ತೊಮ್ಮೆ ಎಡವುತ್ತಾನೆ. ದೊರೆಯಿಂದ ಬಿರುದಿಗೆ ಹೋಗುವ ದಾರಿ ಸುಗಮ. ಬಿರುದಿನಿಂದ ದೊರೆಗೆ ಬರುವ ದಾರಿಗೆ ತಿಥಿ, ಸ್ಥಳ, ವಂಶಾವಳಿ ಎಂಬ ಇತರ ಸಾಕ್ಷ್ಯಗಳು ಬೇಕು. ರೋಗಿಗಳಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಗುರುತಿರುವುದೆಂದ ಮಾತ್ರಕ್ಕೆ, ಗುರುತುಳ್ಳವರಲ್ಲಿ ನೂರಕ್ಕೆ ತೊಂಬತ್ತು ಮಂದಿ ರೋಗಿಗಳೆಂದು ಹೇಳಲಾಗದು.

ಹಾಗಾದರೆ ಎಷ್ಟು ಮಂದಿ? ೧೯೭೫ರಲ್ಲಿ ಸ್ಟ್ಯಾನ್‌ಫರ್ಡಿನ ಕ್ಯಾಲಿನ್ ಮತ್ತು ಫ್ರೈಸ್ ಎಂಬಿಬ್ಬರು ಗುರುತುಳ್ಳ ಆರೋಗ್ಯವಂತರೆನಿಸಿಕೊಂಡ ರಕ್ತದಾನಿಗಳನ್ನು ವಿಚಾರಿಸಿ, ಅವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ರೋಗವಿದೆಯೆಂದೂ, ಹೆಂಗಸರಲ್ಲಿಯೂ ಅದು ಗಂಡಸರಷ್ಟೇ ಇದೆಯೆಂದೂ ಬರೆದರು. ಎರಡನೆಯ ಮಾತು ಹಳೆಯ ನಂಬಿಕೆಯನ್ನು ಅಲುಗಿಸಿತು. ಅದು ಒಳ್ಳೆಯದೇ ಆಯಿತು. ಮೊದಲನೆಯದು ನಿಲ್ಲಲಿಲ್ಲ. ಹಾಲೆಂಡಿನ ಫಾನ್ ಡರ್ ಲಿಂಡನ್ ಮತ್ತು ಸಂಗಡಿಗರು ೧೯೮೪ರಲ್ಲಿ ಎರಡು ಗುಂಪುಗಳನ್ನು ಬೇರೆ ಬೇರೆಯಾಗಿ ನೋಡಿದರು. ಸಾಮಾನ್ಯ ಜನರಲ್ಲಿ ಗುರುತಿದ್ದು ೪೫ ವರ್ಷ ದಾಟಿದವರ ಪೈಕಿ ರೋಗವಿದ್ದವರು ಶೇಕಡ ೧.೩ ಮಾತ್ರ, ರೋಗಿಗಳ ರಕ್ತಸಂಬಂಧಿಗಳಲ್ಲಿ ಗುರುತಿದ್ದವರ ಪೈಕಿಯಾದರೋ ಶೇಕಡ ೨೧. ಒಂದೇ ಗುರುತು, ಹದಿನಾರು ಪಟ್ಟು ಅಂತರ. ಅಂದರೆ ಮನೆತನದಲ್ಲಿ ಬಿ ೨೭ರ ಜೊತೆಗೆ ಬೇರೆ ಏನೋ ಹರಿದುಬರುತ್ತದೆಂದು ಭಾವಿಸಬೇಕಾಯಿತು. ೨೦೦೭ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಸಂಶೋಧಕರು ಇ.ಆರ್.ಎ.ಪಿ. ೧ ಮೊದಲಾದ ಬೇರೆ ವಂಶವಾಹಿಗಳನ್ನು ಹೆಸರಿಸಿದ ಮೇಲೆ ಆ ಭಾವನೆಗೆ ಆಧಾರ ದೊರೆಯಿತು.

ಈ ಅಂಕಿಗಳು ವಿದ್ವಾಂಸರ ಚರ್ಚೆಗಷ್ಟೇ ಸಂಬಂಧಪಟ್ಟವೆಂದು ತಿಳಿಯಬಾರದು. ನಮ್ಮಲ್ಲಿ ಕನ್ಯಾವರರ ವಿಷಯ ಮಾತನಾಡುವಾಗ ಮನೆತನದ ಕಾಯಿಲೆಗಳನ್ನು ವಿಚಾರಿಸುವ ವಾಡಿಕೆಯುಂಟು. ಅಣ್ಣನಿಗೆ ಈ ರೋಗವಿದ್ದು, ಆರೋಗ್ಯವಾಗಿರುವ ತಂಗಿಯ ರಕ್ತವನ್ನೂ ಪರೀಕ್ಷಿಸಿ, ಗುರುತಿದೆಯೆಂಬ ಕಾಗದ ಕೈಗೆ ಬಂದರೆ ಆ ಮನೆಯಲ್ಲಿ ಏನಾದೀತೆಂಬುದನ್ನು ವಾಚಕರು ಊಹಿಸಬಹುದು. ಹಾಲೆಂಡಿನ ಲೆಕ್ಕವನ್ನು ನಂಬುವುದಾದರೆ ಅಂತಹ ಐವರಲ್ಲಿ ನಾಲ್ವರು ರೋಗವಿಲ್ಲದೆಯೇ ಬಾಳುತ್ತಾರೆ. ನೋವಿಲ್ಲದವರಿಗೆ ಈ ಪರೀಕ್ಷೆಯನ್ನು ಮಾಡಿಸಬಾರದೆಂದು ತಜ್ಞರು ಹೇಳುವುದು ಈ ಕಾರಣದಿಂದಲೇ. ಅವರ ಮಾತು ಯುಕ್ತವಾದುದೆಂದು ಪ್ರಸ್ತುತ ಲೇಖಕನ ಅಭಿಪ್ರಾಯ.

ನೋವಿದ್ದವರ ವಿಷಯ ಬೇರೆ. ಬಹುಕಾಲದ ಬೆನ್ನುನೋವಿನಿಂದ ಬಂದ ಸಾವಿರ ಮಂದಿಯಲ್ಲಿ ೫೦ ಮಂದಿಗೆ ಈ ರೋಗವಿದೆಯೆಂದು ಇಟ್ಟುಕೊಳ್ಳೋಣ. ಅವರ ಪೈಕಿ ೪೫ ಮಂದಿಗೆ ಗುರುತಿರುತ್ತದೆ. ಉಳಿದ ೯೫೦ ಮಂದಿಯಲ್ಲಿ ಶೇಕಡ ೮ರ ಲೆಕ್ಕದಂತೆ ೭೬ ಮಂದಿಗೆ ಗುರುತು ಬರಿದೇ ಇರುತ್ತದೆ. ಒಟ್ಟು ಗುರುತುಳ್ಳ ೧೨೧ ಮಂದಿಯಲ್ಲಿ ನಿಜವಾದ ರೋಗಿಗಳು ೪೫. ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಪರೀಕ್ಷೆಗೆ ಮೊದಲು ಇಪ್ಪತ್ತರಲ್ಲಿ ಒಂದಾಗಿದ್ದ ಸಂಭವವು ಇಷ್ಟಕ್ಕೆ ಏರುವುದು ದೊಡ್ಡ ಸಹಾಯವೇ, ಆದರೂ ನಿರ್ಣಯವಲ್ಲ. ಬೆಳಗಿನ ಬಿಗಿತ, ಕಣ್ಣಿನ ಉರಿಯೂತ, ಹಿಮ್ಮಡಿಯ ನೋವು, ಕುಟುಂಬದ ವೃತ್ತಾಂತ ಇವು ಕೂಡಿಬಂದರೆ ಸಂಭವ ಇನ್ನೂ ಏರುತ್ತದೆ. ೨೦೦೯ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಲಿಯೊಂದು ರೂಪಿಸಿದ ವರ್ಗೀಕರಣದ ಸೂತ್ರಗಳಲ್ಲಿ, ಮೂರು ತಿಂಗಳಿಗೂ ಹೆಚ್ಚು ಕಾಲದ ಬೆನ್ನುನೋವಿರುವವರಲ್ಲಿ ಬಿ ೨೭ರೊಡನೆ ಇಂತಹ ಎರಡು ಲಕ್ಷಣಗಳಾದರೂ ಇರಬೇಕೆಂದು ವಿಧಿಸಿದ್ದಾರೆ. ಎಲುಬು ಬೆಸೆಯುವ ಮುನ್ನವೇ ರೋಗವನ್ನು ಹೆಸರಿಸಲು ಇದರಿಂದ ಸಾಧ್ಯವಾಯಿತು. ಆದರೂ ಮೊದಲ ನೋವಿನಿಂದ ಸರಿಯಾದ ನಿದಾನದವರೆಗೆ ಹಲವು ವರ್ಷಗಳು ಕಳೆಯುವುದು, ಹೆಂಗಸರ ವಿಷಯದಲ್ಲಿ ಅದು ಇನ್ನೂ ದೀರ್ಘವಾಗುವುದು, ಇಂದಿಗೂ ತಪ್ಪಿಲ್ಲ.

ಮೇಲಿನ ಲೆಕ್ಕದ ಶೇಕಡ ೮ ಎಂಬುದು ಲಾಸ್ ಏಂಜಲಿಸಿನ ಸಂಖ್ಯೆ. ದೇಶ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಕೆನಡದ ಪಶ್ಚಿಮ ತೀರದ ಹೈದಾ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಗುರುತಿದೆ. ಜಪಾನಿನಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ. ಪಶ್ಚಿಮ ಆಫ್ರಿಕದ ಗ್ಯಾಂಬಿಯದ ಫುಲ ಜನರಲ್ಲಿ ಗುರುತು ಸಾಕಷ್ಟಿದ್ದರೂ ರೋಗ ಅತಿ ವಿರಳ. ಬಿ ೨೭ ಎಂಬುದು ಒಂದೇ ವಸ್ತುವಲ್ಲ, ಹಲವು ಉಪಭೇದಗಳ ಸಮುದಾಯವೆಂಬುದೂ ತರುವಾಯ ತಿಳಿಯಿತು. ಆಗ್ನೇಯ ಏಷ್ಯದಲ್ಲಿ ಕಾಣುವ ೨೭:೦೬, ಸಾರ್ಡಿನಿಯ ದ್ವೀಪದ ೨೭:೦೯ ಎಂಬ ಉಪಭೇದಗಳಿಗೂ ರೋಗಕ್ಕೂ ನಂಟು ಕಾಣದು. ಭಾರತದ ಸಾಮಾನ್ಯ ಜನರಲ್ಲಿ ಈ ಗುರುತು ಉತ್ತರ ಯುರೋಪಿನವರಲ್ಲಿ ಇರುವುದಕ್ಕಿಂತ ಕಡಮೆ. ರೋಗಿಗಳಲ್ಲಿಯಾದರೋ ಇಲ್ಲಿಯೂ ಬಹುಪಾಲು ಮಂದಿಗೆ ಇದೆ. ಗುರುತಿಲ್ಲದ ರೋಗಿಗಳೂ ಎಲ್ಲ ದೇಶಗಳಲ್ಲಿದ್ದಾರೆ. ಕಾಗದದಲ್ಲಿ 'ಇಲ್ಲ' ಎಂದು ಬಂದುದರಿಂದಲೇ ನೋವನ್ನು ಸುಳ್ಳೆನ್ನುವುದು, 'ಇದೆ' ಎಂದು ಬಂದುದರಿಂದಲೇ ರೋಗವೆನ್ನುವುದರ ಅವಳಿದೋಷ.

ರೋಗದ ಏರಿಳಿತವನ್ನು ಅಳೆಯುವುದಕ್ಕೆ ಈ ಪರೀಕ್ಷೆಯು ಬಾರದೆಂಬುದನ್ನೂ ಸ್ಪಷ್ಟಪಡಿಸಬೇಕು. ಹುಟ್ಟಿನಿಂದ ಸಾವಿನವರೆಗೆ ಬದಲಾಗದ ಗುರುತಿದು. ನೋವು ಉಲ್ಬಣಿಸಿದಾಗಲೂ ಶಮನವಾದಾಗಲೂ ಒಂದೇ ಉತ್ತರ ಬರುತ್ತದೆ. ಒಮ್ಮೆ ಸರಿಯಾಗಿ ಪರೀಕ್ಷಿಸಿದ ಮೇಲೆ ಎರಡನೆಯ ಬಾರಿ ಹಣ ತೆರುವುದು ವ್ಯರ್ಥ. ಏರಿಳಿತವನ್ನು ತಿಳಿಯಲು ವೈದ್ಯರು ಕೆಂಪುಕಣಗಳು ಕೆಳಗಿಳಿಯುವ ವೇಗವನ್ನೂ, ೧೯೩೦ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಕಂಡುಹಿಡಿದ ಸಿ.ಆರ್.ಪಿ. ಎಂಬ ದ್ರವ್ಯವನ್ನೂ ಅಳೆಯುತ್ತಾರೆ. ಆದರೆ ಈ ರೋಗದಲ್ಲಿ ಬೆನ್ನು ಉರಿಯುತ್ತಿದ್ದರೂ ಇವೆರಡೂ ಸಹಜವಾಗಿಯೇ ಇರುವುದುಂಟು. ಕಾಂತಕ್ಷೇತ್ರದಿಂದ ತೆಗೆಯುವ ಎಂ.ಆರ್.ಐ. ಚಿತ್ರವು ಕಲೆಗೆ ಮುಂಚಿನ ಉರಿಯೂತವನ್ನೇ ತೋರಿಸಬಲ್ಲುದು. ಇಂಗ್ಲೆಂಡಿನ ಬಾತ್ ನಗರದ ವೈದ್ಯರು ೧೯೯೪ರಲ್ಲಿ ಪ್ರಕಟಿಸಿದ ಮಾಪನವಾದರೋ ಯಾವ ಯಂತ್ರವನ್ನೂ ಬಯಸುವುದಿಲ್ಲ. ಆಯಾಸವೆಷ್ಟು, ನೋವೆಷ್ಟು, ಬೆಳಗಿನ ಬಿಗಿತ ಎಷ್ಟು ಹೊತ್ತು ಎಂಬಂಥ ಆರು ಪ್ರಶ್ನೆಗಳನ್ನು ರೋಗಿಯನ್ನೇ ಕೇಳಿ ಅಂಕ ಹಾಕುತ್ತಾರೆ. ರಕ್ತದ ಸಾಕ್ಷ್ಯ ಇಷ್ಟು ಬೆಳೆದ ಕಾಲದಲ್ಲಿಯೂ ರೋಗಿಯ ಮಾತಿಗೆ ಮತ್ತೆ ಆಸನ ದೊರೆತದ್ದು ಈ ಲೇಖಕನಿಗೆ ಸಂತೋಷದ ವಿಷಯವಾಗಿ ಕಂಡಿದೆ.

ಬಿ ೨೭ ಏಕೆ ರೋಗವನ್ನು ತರುತ್ತದೆಂಬುದು ಇನ್ನೂ ವಿವಾದದಲ್ಲಿದೆ. ಮನುಷ್ಯನ ಬಿ ೨೭ ವಂಶವಾಹಿಯನ್ನು ೧೯೯೦ರಲ್ಲಿ ಇಲಿಗಳಿಗೆ ಸೇರಿಸಿದಾಗ ಅವುಗಳಿಗೆ ಕೀಲು ಮತ್ತು ಕರುಳಿನ ಉರಿಯೂತ ಬಂದಿತು. ಸೂಕ್ಷ್ಮಜೀವಿಗಳಿಲ್ಲದ ಪರಿಸರದಲ್ಲಿ ಬೆಳೆಸಿದ ಅಂತಹ ಇಲಿಗಳಿಗೆ ಬರಲಿಲ್ಲವೆಂದು ೧೯೯೪ರಲ್ಲಿ ತಿಳಿಯಿತು. ಕರುಳಿನ ಜೀವಿಗಳಿಗೂ ಇದಕ್ಕೂ ಸಂಬಂಧವಿರಬೇಕೆಂಬ ವಿಚಾರಕ್ಕೆ ಇದರಿಂದ ಬಲ ಬಂದಿತು.

ಕೊನೆಯದಾಗಿ, ಚರಿತ್ರೆಯ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಪ್ರಸಂಗ. ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸನ ಸಂರಕ್ಷಿತ ಶವವನ್ನು ೧೯೭೬ರಲ್ಲಿ ಪ್ಯಾರಿಸಿಗೆ ಕೊಂಡೊಯ್ದು ಕ್ಷ-ಕಿರಣದಿಂದ ಪರಿಶೀಲಿಸಿದಾಗ, ಅವನ ಬೆನ್ನುಮಣಿಗಳು ಬೆಸೆದಿರುವುದನ್ನು ಕಂಡು ಇದೇ ರೋಗವೆಂದು ಹೇಳಲಾಯಿತು. ಆ ಹೇಳಿಕೆ ಪುಸ್ತಕದಿಂದ ಪುಸ್ತಕಕ್ಕೆ ಸಾಗಿತು. ೨೦೦೪ರಲ್ಲಿ ಕೆಲವು ವಿಕಿರಣ ತಜ್ಞರು ಹಳೆಯ ಚಿತ್ರಗಳನ್ನು ಮತ್ತೆ ನೋಡಿ, ಇದು ಮುಪ್ಪಿನಲ್ಲಿ ಎಲುಬು ಬೆಳೆಯುವ ಬೇರೊಂದು ಸ್ಥಿತಿಯೆಂದು ವಾದಿಸಿದರು. ೨೦೧೪ರಲ್ಲಿ ಸಹರ್ ಸಲೀಂ ಮತ್ತು ಜಾಹಿ ಹವಾಸ್ ಎಂಬ ಈಜಿಪ್ಟಿನ ವಿದ್ವಾಂಸರು ಹದಿಮೂರು ರಾಜಶವಗಳ ಸಿ.ಟಿ. ಚಿತ್ರಗಳನ್ನು ಪರಿಶೀಲಿಸಿ, ಅವುಗಳಲ್ಲಿ ಒಂದರಲ್ಲಿಯೂ ಬೆನ್ನೆಲುಬಿನ ಸಂಧಿವಾತವಿಲ್ಲವೆಂದೂ, ರಾಮ್ಸೆಸನೂ ಸೇರಿದಂತೆ ನಾಲ್ವರಲ್ಲಿ ಆ ಮುಪ್ಪಿನ ಸ್ಥಿತಿಯಿದೆಯೆಂದೂ ತೀರ್ಮಾನಿಸಿದರು. ಅವರು ಮುಖ್ಯವಾಗಿ ಪರೀಕ್ಷಿಸಿದವುಗಳಲ್ಲಿ ಒಂದು, ಕಾನರನ ಅಸ್ಥಿಪಂಜರದಲ್ಲಿ ಬೆಸೆದುಹೋಗಿದ್ದ, ಸೊಂಟದ ಬುಡದ ಆ ಕೀಲು.